ವೆಂಕಟರತ್ನಮ್ಮನ ತೂತು ಮಡಿಕೆ

ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚನ್ನು ಒಣಗಲು ಜೋಡಿಸುವ ಕೆಲಸಕ್ಕಿದ್ದ ವೆಂಕಟರತ್ನಮ್ಮನಿಗೆ ಗಂಡನೂ ಇದ್ದ, ಅತ್ತೆಯೂ ಇದ್ದಳು. ಅವರಿಬ್ಬರು ಮುಳಬಾಗಿಲಿನಲ್ಲಿದ್ದರು, ಇವಳು ಮಾಲೂರಿನಲ್ಲಿದ್ದಳು. ಈ ಏರ್ಪಾಟು ಮೂವರಿಗೂ ಒಗ್ಗಿಹೋಗಿತ್ತು. ಒಗ್ಗದೆ ಒದ್ದಾಡುತ್ತಿದ್ದವರು ನೆಂಟರು ಮಾತ್ರ.

ಗಂಡ ಕೋದಂಡರಾಮಪ್ಪ ಕೆಟ್ಟವನೇನಲ್ಲ. ಕೆಟ್ಟವನಾಗುವುದಕ್ಕೂ ಒಂದಿಷ್ಟು ಸ್ವಂತ ಬುದ್ಧಿ ಬೇಕಾಗುತ್ತದೆ. ಊಟಕ್ಕೆ ಏಳ್ತೀರಾ ಎಂದು ಹೆಂಡತಿ ಕೇಳಿದರೆ ಅವನು ಅಮ್ಮನ ಮುಖ ನೋಡುತ್ತಿದ್ದ. ಅಮ್ಮ ಮುನಿಗಂಗಮ್ಮನಾದರೋ ಬೆಳಗ್ಗೆ ಬಾಯಿ ತೊಳೆದ ಕ್ಷಣದಿಂದ ರಾತ್ರಿ ನಿದ್ದೆ ಬರುವ ತನಕ ಮಾತಾಡುವ ಹೆಂಗಸು. ಬೈಗುಳವೇ ಆಗಬೇಕೆಂದಿಲ್ಲ, ಹಾಲಿನವನ ವಿಷಯ, ಸೊಂಟದ ನೋವಿನ ವಿಷಯ, ಪಕ್ಕದ ಮನೆ ಕೋಳಿಯ ವಿಷಯ, ಯಾವುದಾದರೂ ಸರಿ. ವೆಂಕಟರತ್ನಮ್ಮ ಏನೋ ಹೇಳಲು ಬಾಯಿ ತೆರೆದರೆ ಆ ಮಾತಿನ ಅರ್ಧಕ್ಕೇ ಅತ್ತೆಯ ಮಾತು ಬಂದು ಚಕ್ಕಳಮಕ್ಕಳ ಹಾಕಿ ಕೂರುತ್ತಿತ್ತು. ಆ ಮನೆಯಲ್ಲಿ ಬಾಳಿದ ಅಷ್ಟೂ ವರ್ಷ ಅವಳು ಒಂದು ವಾಕ್ಯವನ್ನೂ ಪೂರ್ತಿ ಮಾಡಿದವಳಲ್ಲ. ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ, ಉಪ್ಪಿನಕಾಯಿ ಹಾಕಿಕೊಂಡು ಬರ್ತೀನಿ ಅಂತ ಶ್ರೀನಿವಾಸಪುರದ ಹತ್ತಿರದ ಯಲ್ದೂರಿಗೆ, ತವರಿಗೆ ಹೋದಳು. ಅಲ್ಲಿಂದ ಮಾಲೂರಿಗೆ ಹೋಗಿ ಕಾರ್ಖಾನೆ ಸೇರಿ, ರೈಲ್ವೆ ಗೇಟಿನಾಚೆ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದಳು. ವಾಪಸ್ ಬರಲ್ಲ ಅಂತ ಯಾರಿಗೂ ಹೇಳಲಿಲ್ಲ. ಯಾವಾಗ ಬರ್ತೀನಿ ಅಂತಲೂ ಹೇಳಲಿಲ್ಲ.

ನೆಂಟರು ಬಿಡುತ್ತಾರೆಯೇ? ತಿಂಗಳಿಗೊಬ್ಬರು ಹಿರಿಯರು ಪಂಚಾಯ್ತಿಗೆ ಬಂದು, ಅವಳ ಕೈಯ ಮುದ್ದೆ ಸಾರು ಉಂಡು, ಎಲೆ ಅಡಿಕೆ ಹಾಕಿಕೊಂಡು, "ಏನಮ್ಮಾ ನಿನ್ನ ತೀರ್ಮಾನ?" ಎಂದು ಕೇಳುತ್ತಿದ್ದರು. ಹೀಗೆ ಒಬ್ಬ ದೊಡ್ಡಪ್ಪ ಕೂತು ಕೊರೆಯುತ್ತಿದ್ದಾಗಲೇ ಅವಳಿಗೆ ಅತ್ತೆ-ಸೊಸೆ ಪ್ಲೇಟು ನೆನಪಾದದ್ದು.

ಆಗ ಆ ಕಡೆಯೆಲ್ಲ ಗ್ರಾಮಫೋನ್ ರೆಕಾರ್ಡಿಗೆ ಪ್ಲೇಟು ಎನ್ನುತ್ತಿದ್ದರು. ಮಾಲೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಜಾನ್ ಪಾಷಾ ಪ್ರತಿ ಮದುವೆಯಲ್ಲೂ ಊಟ ಮುಗಿದ ಮೇಲೆ, ಜನ ಚಪ್ಪರದಡಿ ಉರುಳಿಕೊಂಡಾಗ, ಒಂದು ನಗೆನಾಟಕದ ಪ್ಲೇಟು ಹಾಕುತ್ತಿದ್ದ. ಸೊಸೆಯೊಬ್ಬಳು ಅತ್ತೆಯ ಮೇಲೆ ಪಂಚಾಯ್ತಿ ಕಟ್ಟೆಗೆ ದೂರು ತರುತ್ತಾಳೆ. ಅತ್ತೆಯ ಜಿಪುಣತನ, ಗೊರಕೆ, ಭಕ್ತಿ, ಎಲ್ಲವನ್ನೂ ಎತ್ತಿ ಎತ್ತಿ ಆಡಿಕೊಳ್ಳುತ್ತಾಳೆ. ಕೊನೆಗೆ ಯಜಮಾನ ಗಂಟಲು ಸರಿ ಮಾಡಿಕೊಂಡು, "ಇನ್ನು ತೀರ್ಪು ಕೇಳಿ" ಎನ್ನುತ್ತಾನೆ. ಅಲ್ಲಿಗೆ ಪ್ಲೇಟು ಮುಗಿಯಿತು. ತೀರ್ಪು ಇದ್ದದ್ದು ಎರಡನೇ ಪ್ಲೇಟಿನಲ್ಲಿ. ಅದನ್ನು ಯಲ್ದೂರಿನ ಮದುವೆಯೊಂದರಲ್ಲಿ ಗಂಡಿನ ಸೋದರಮಾವ ತುಳಿದು ಪುಡಿ ಮಾಡಿದ ಅಂತ ಜಾನ್ ಪಾಷಾ ಹೇಳುತ್ತಿದ್ದ. ಆ ಸೋದರಮಾವನ ತೂಕ ಪ್ರತಿ ಸಲ ಹೇಳುವಾಗಲೂ ಸ್ವಲ್ಪ ಹೆಚ್ಚುತ್ತಿತ್ತು.

"ನಂಗೂ ಒಂದು ತೀರ್ಪು ಬೇಕಲ್ಲ ದೊಡ್ಡಪ್ಪ," ಎಂದಳು ವೆಂಕಟರತ್ನಮ್ಮ. "ಆ ಪ್ಲೇಟಲ್ಲಿ ಯಜಮಾನ ಏನ್ ಹೇಳ್ತಾನೋ ಹಂಗೇ ನಡ್ಕೋತೀನಿ. ದೇವರಾಣೆ."

ಪುಡಿಯಾಗಿಹೋದ ಪ್ಲೇಟಿನ ಮೇಲೆ ಆಣೆ ಇಡುವುದಕ್ಕೆ ಏನು ಕಷ್ಟ? ಆದರೆ ದೊಡ್ಡಪ್ಪನಿಗೆ ಪ್ಲೇಟು ಪುಡಿಯಾದದ್ದು ಗೊತ್ತಿರಲಿಲ್ಲ. ಮಾತು ನ್ಯಾಯವಾಗಿದೆ ಅನ್ನಿಸಿ, ಮುಳಬಾಗಿಲಿಗೆ ಹೋಗಿ ಹೇಳಿಯೂ ಬಿಟ್ಟರು. ಮುಂದಿನ ಸಲ ಬಂದಾಗ, "ಎಲ್ಲಮ್ಮಾ ಪ್ಲೇಟು?" ಎಂದರು. "ಪ್ಲೇಟ್ ಸಿಕ್ಕಿದ್ರೂ ಹಾಕೋಕೆ ಮಿಷನ್ ಬೇಕಲ್ಲ? ಒಂದೊಂದೇ ಸೇರಿಸ್ತಾ ಇದೀನಿ," ಎಂದಳು. ಸುಳ್ಳು ಹೇಳಿದ ಮೇಲೆ ಅದಕ್ಕೊಂದು ಸಾಕ್ಷಿ ಬೇಕು. ಮಾರನೇ ದಿನವೇ ಜಾನ್ ಪಾಷಾನ ಹತ್ತಿರ ಹೋಗಿ ಆ ಮೊದಲನೇ ಪ್ಲೇಟನ್ನು ಕೇಳಿ ತಂದು ಗೋಡೆಯ ಮೊಳೆಗೆ ತಗುಲಿಸಿದಳು. ಅವನ ಹತ್ತಿರ ಅದರದ್ದೇ ಇನ್ನೊಂದಿತ್ತು, ಕೊಟ್ಟ.

ಹೀಗೆ ಮನೆಯಲ್ಲಿ ಮಿಷನ್ನಿಗಿಂತ ಮೊದಲು ಪ್ಲೇಟು ಬಂತು. ಕರಿ ತಟ್ಟೆಯೊಂದು ಗೋಡೆಯ ಮೇಲೆ ದೇವರ ಪಟದ ಪಕ್ಕ ನೇತಾಡುತ್ತಿತ್ತು. ಅದನ್ನು ನೋಡಿ ನೋಡಿ, ಕೇಳಬೇಕು ಎನ್ನುವ ಆಸೆ ಅವಳಿಗೆ ನಿಜವಾಗಿಯೇ ಹುಟ್ಟಿತು. ನೆಂಟರನ್ನು ಸಾಗಹಾಕಲು ಹೂಡಿದ ಆಟ ಅವಳಿಗೇ ಅಂಟಿಕೊಂಡಿತು.

ಎಪ್ಪತ್ತೊಂಬತ್ತರಲ್ಲಿ ಪ್ಲೇಟು ತಿರುಗಿಸುವ ಪೆಟ್ಟಿಗೆ ಬಂತು. ಕೋಲಾರದಲ್ಲಿ ರೇಡಿಯೋ ರಿಪೇರಿ ಮಾಡುವವನೊಬ್ಬನ ಅಂಗಡಿಯಲ್ಲಿ, ಯಾರೋ ರಿಪೇರಿಗೆ ಕೊಟ್ಟು ಮರೆತದ್ದು. ಅದು ತಿರುಗುತ್ತಿತ್ತು, ಅಷ್ಟೆ. ಶಬ್ದ ಹೊರಡಿಸಲು ಬೇರೆ ಆಂಪ್ಲಿಫೈಯರ್ ಬೇಕು ಎನ್ನುವುದು ಅವಳಿಗೆ ತಿಳಿದದ್ದು ಮನೆಗೆ ತಂದ ಮೇಲೆ. ಆದರೂ ಸುಮ್ಮನಿರಲಾರದೆ ಪ್ಲೇಟು ಇಟ್ಟು, ಮುಳ್ಳು ಇಳಿಸಿ, ಕಿವಿಯನ್ನು ಹತ್ತಿರ ತಂದಳು. ಮುಳ್ಳಿನ ತುದಿಯಿಂದಲೇ ಸಣ್ಣದಾಗಿ ಕೀಚು ಕೀಚು ಎಂದು ಮಾತು ಕೇಳಿಸಿತು. ಅತ್ತೆ ಸೊಸೆ ಇಬ್ಬರೂ ಸೊಳ್ಳೆಗಳಂತೆ ಜಗಳವಾಡುತ್ತಿದ್ದರು. ಪ್ಲೇಟಿನ ವೇಗಕ್ಕೆ ಒಂದು ಕೀಲಿ ಇದೆ, ಅದನ್ನು ಮೂವತ್ತಮೂರಕ್ಕೆ ತಿರುಗಿಸಬೇಕು ಎಂದು ಮುಂದಿನ ತಿಂಗಳು ಜಾನ್ ಪಾಷಾ ಬಂದು ತೋರಿಸಿಕೊಟ್ಟ. ಅಲ್ಲಿಯ ತನಕ ಅವಳು ಇಡೀ ನಾಟಕವನ್ನು ಸೊಳ್ಳೆ ಭಾಷೆಯಲ್ಲೇ ಕೇಳಿ ಸಂತೋಷಪಟ್ಟಿದ್ದಳು. ಮುಳ್ಳು ಎಗರಿದರೆ ಅದರ ತಲೆಯ ಮೇಲೆ ಐದು ಪೈಸೆ ಇಡುವುದನ್ನೂ ಅವನೇ ಕಲಿಸಿದ.

ಆಂಪ್ಲಿಫೈಯರ್ ಬರಲು ಇನ್ನೆರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಕ್ಯಾಸೆಟ್ಟಿನ ಕಾಲ ಬಂದು, ಮದುವೆಗಳಲ್ಲಿ ಜನ ಜಾನ್ ಪಾಷಾನನ್ನು, "ಇನ್ನೂ ಪ್ಲೇಟ್ ತಿರುಗಿಸ್ತೀಯಾ?" ಎಂದು ಹಂಗಿಸತೊಡಗಿದ್ದರು. ಅವನು ಟೇಪ್ ರೆಕಾರ್ಡರ್ ತೆಗೆದುಕೊಂಡು, ತನ್ನ ಹಳೇ ಆಂಪ್ಲಿಫೈಯರನ್ನು ಅವಳಿಗೆ ಕೊಟ್ಟ. ಹಾಕಿದ ಮೇಲೆ ಒಳಗಿನ ಗಾಜಿನ ವಾಲ್ವುಗಳು ಕೆಂಪಗಾಗುವ ತನಕ ಕಾಯಬೇಕಾದ ಹಳೇ ಪೆಟ್ಟಿಗೆ ಅದು. ಜೊತೆಗೆ ಗುಂಯ್ ಎನ್ನುವ ಒಂದು ಶಬ್ದ ಬಿಡದೆ ಬರುತ್ತಿತ್ತು. ಅರ್ತ್ ಕೊಡಬೇಕು, ಕಬ್ಬಿಣದ ಸಲಾಕೆ ನೆಲಕ್ಕೆ ಹೊಡೆದು ಉಪ್ಪು ಇದ್ದಿಲು ಹಾಕಿ ದಿನಾ ನೀರು ಹಾಕಬೇಕು ಎಂದ. ಅವಳು ಬಾಗಿಲ ಪಕ್ಕದಲ್ಲೇ ಸಲಾಕೆ ಹೊಡೆಸಿ, ದಿನಾ ಬೆಳಗ್ಗೆ ಚೊಂಬಿನಲ್ಲಿ ನೀರು ಹೊಯ್ದಳು. ಒಂದು ವಾರದಲ್ಲಿ ಗುಂಯ್ ನಿಂತಿತು. ಎರಡನೇ ವಾರ ಬೀದಿಯ ಯಾರೋ ಹೆಂಗಸು ಸಲಾಕೆಗೆ ಅರಿಶಿನ ಕುಂಕುಮ ಹಚ್ಚಿ ಹೋಗಿದ್ದಳು. ಅದರಿಂದ ಶಬ್ದಕ್ಕೇನೂ ತೊಂದರೆಯಾಗದ ಕಾರಣ ವೆಂಕಟರತ್ನಮ್ಮ ಸುಮ್ಮನಿದ್ದಳು.

ಎಡವಟ್ಟಾದದ್ದು ಆಮೇಲೆ. ಜಾನ್ ಪಾಷಾ ಆಂಪ್ಲಿಫೈಯರಿನ ಜೊತೆಗೆ ಮರಕ್ಕೆ ಕಟ್ಟುವ ಹಾರನ್ ಒಂದನ್ನೂ, ತನಗಿನ್ನು ಬೇಡವಾದ ಹಳೇ ಪ್ಲೇಟುಗಳನ್ನೂ ಕೊಟ್ಟಿದ್ದ. ಕಾರ್ಖಾನೆ ನಿಂತಿದ್ದರೆ ವೋಲ್ಟೇಜು ಚೆನ್ನಾಗಿರುತ್ತದೆ ಎಂದು ಒಂದು ಭಾನುವಾರ ಬೆಳಗ್ಗೆ ಅವಳು ಹಾರನ್ನನ್ನು ಅಕ್ಕಿ ಡಬ್ಬದ ಮೇಲಿಟ್ಟು, ನಾದಸ್ವರದ ಪ್ಲೇಟು ಹಾಕಿದಳು. ಹೆಂಚಿನ ಮೇಲಿದ್ದ ಗುಬ್ಬಿಗಳೆಲ್ಲ ಒಟ್ಟಿಗೆ ಎದ್ದುಹೋದವು. ರೈಲ್ವೆ ಗೇಟಿನಲ್ಲಿ ನಿಂತ ಗಾಡಿಯ ಎತ್ತುಗಳು ಬೆದರಿದವು. ಪ್ಲೇಟು ಮುಗಿಯುವ ಮೊದಲೇ ಒಳ್ಳೇ ಸೀರೆ ಉಟ್ಟ ಹೆಂಗಸರು, ತೆಂಗಿನಕಾಯಿ ಹಿಡಿದ ಗಂಡಸರು ಬಾಗಿಲಿಗೆ ಬಂದರು. ಆ ಸೀಮೆಯಲ್ಲಿ ಮೈಕು ಕೂಗಿತು ಅಂದರೆ ಮದುವೆಯೋ, ಒಸಗೆಯೋ, ನಾಮಕರಣವೋ ಆಗಲೇಬೇಕು. ಕರೆದಿಲ್ಲ ಎಂದು ಮುನಿಸಿಕೊಳ್ಳುವುದಕ್ಕಾದರೂ ಹೋಗಬೇಕು.

"ಏನಮ್ಮಾ ವಿಶೇಷ?"

"ಏನೂ ಇಲ್ಲ. ಸುಮ್ನೆ ಹಾಕ್ಕೊಂಡೆ."

"ಸುಮ್ನೆ ಯಾರಾದ್ರೂ ವಾಲಗ ಹಾಕ್ತಾರಾ? ಹೇಳಮ್ಮಾ, ಗಂಡು ಯಾವೂರು?"

ಒಬ್ಬಳೇ ಹೆಂಗಸು, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಸುಮ್ಮನೆ ಕೂತು ಪ್ಲೇಟು ಕೇಳುತ್ತಾಳೆ ಎನ್ನುವುದನ್ನು ನಂಬುವುದಕ್ಕಿಂತ ಅವಳಿಗೆ ಎರಡನೇ ಮದುವೆ ಎಂದು ನಂಬುವುದು ಬೀದಿಗೆ ಸುಲಭವಾಯಿತು.

ಹಾರನ್ ವಾಪಸ್ ಕೊಡಲು ಜಾನ್ ಪಾಷಾನ ಮನೆಗೆ ಹೋದಳು. ಅವನಿರಲಿಲ್ಲ. ಹೆಂಡತಿ ಬೀಬಿಜಾನ್ ನೀರು ಕೊಡಲು ಹರವಿಯ ಮುಚ್ಚಳ ತೆಗೆದಳು. ಮುಚ್ಚಳ ಕಪ್ಪಗೆ, ದುಂಡಗೆ, ನಡುವೆ ಒಂದು ತೂತಿನೊಡನೆ ಹೊಳೆಯುತ್ತಿತ್ತು. ವೆಂಕಟರತ್ನಮ್ಮ ಅದನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಒರೆಸಿ, ಚೀಟಿಯ ಮೇಲಿದ್ದುದನ್ನು ಅಕ್ಷರ ಕೂಡಿಸಿ ಓದಿದಳು. ಎರಡನೇ ಪ್ಲೇಟು. ತೀರ್ಪು.

"ಅರೆ, ಇದೇನಾ ಅದು?" ಬೀಬಿಜಾನ್ ನಕ್ಕಳು. "ನಮ್ಮನೆಯವ್ರು ಯಾರೋ ತುಳಿದ ಅಂತ ಹೇಳ್ಕೊಂಡ್ ತಿರುಗ್ತಾರಲ್ಲ? ನಾನೇ ತಂದಿಟ್ಟಿದ್ದು ಕಣಮ್ಮಾ, ಅವಾಗೆಲ್ಲ ಮುಚ್ಚಳ ಇರ್ಲಿಲ್ಲ. ತಗೊಂಡ್ ಹೋಗು. ನಿನ್ನ ಪಂಚಾಯ್ತಿ ಮುಗೀಲಿ. ಎಲ್ರಿಗೂ ಹೇಳ್ತೀನಿ ನಾನು!"

ಹೇಳಿದಳು ಕೂಡ. ಬೀಬಿಜಾನ್ ಮಾತಿಗೆ ತಪ್ಪುವವಳಲ್ಲ.

ವೆಂಕಟರತ್ನಮ್ಮ ಪ್ಲೇಟನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಯ ಕಡೆ ಹೊರಟಳು. ಇಲ್ಲದ ಪ್ಲೇಟಿನ ಮೇಲೆ ಇಟ್ಟ ಆಣೆ ಈಗ ಇರುವ ಪ್ಲೇಟಿನ ಮೇಲೆ ಬಂದು ಕೂತಿತ್ತು. ಯಜಮಾನ ಏನೆಂದನೋ? ಗಂಡಸು ಬರೆದ ನಾಟಕದಲ್ಲಿ ಗಂಡಸು ಹೇಳುವ ತೀರ್ಪು ಏನಿರಬಹುದು ಎಂದು ಊಹಿಸಲು ಶಾಸ್ತ್ರ ಓದಬೇಕಾಗಿರಲಿಲ್ಲ. ಹೋಗು ಎಂದರೆ ಮುಳಬಾಗಿಲು, ಆ ಮನೆ, ಆ ಮಾತಿನ ಮಳೆ. ರೈಲ್ವೆ ಹಳಿ ದಾಟುವಾಗ ಕೈ ಜಾರಿತು ಎಂದರಾಗದೇ ಎಂದು ನಿಜಕ್ಕೂ ಯೋಚಿಸಿದಳು. ನಿಂತಳು. ಪ್ಲೇಟನ್ನು ಹಳಿಯ ಮೇಲೆ ಎತ್ತಿಯೂ ಹಿಡಿದಳು. ಆದರೆ ಅಷ್ಟು ವರ್ಷ ಪ್ಲೇಟುಗಳನ್ನು ಅಂಚಿನಲ್ಲೇ ಹಿಡಿದು, ಹತ್ತಿಯಲ್ಲಿ ಧೂಳು ಒರೆಸಿ ಅಭ್ಯಾಸವಾದ ಕೈ ಬಿಡಲಿಲ್ಲ. ಜೊತೆಗೆ ಆ ಸೊಸೆಗೆ ಏನಾಯಿತು ಎಂದು ತಿಳಿಯುವ ಚಪಲವೂ ಇತ್ತು.

ಇನ್ನು ಸ್ಪೀಕರು. ಮನೆಯೊಳಗೆ ಮೆಲ್ಲಗೆ ಕೇಳಬೇಕಾದರೆ ಕಾಗದದ ಸ್ಪೀಕರು ಬೇಕು, ಅದನ್ನು ಮಡಿಕೆಯ ಬಾಯಿಗೆ ಕೂರಿಸಿದರೆ ಶಬ್ದ ತುಂಬಿಕೊಂಡು ಬರುತ್ತದೆ ಎಂದು ಕೋಲಾರದ ರಿಪೇರಿಯವನು ಹೇಳಿದ್ದ. ಮೊದಲನೇ ಸ್ಪೀಕರನ್ನು ಆಂಪ್ಲಿಫೈಯರಿನ ತಪ್ಪು ಜಾಗಕ್ಕೆ ಸಿಕ್ಕಿಸಿ ಹರಿದುಕೊಂಡಳು. ಎರಡನೆಯದನ್ನು ಎದೆಗವಚಿಕೊಂಡು ಕುಂಬಾರ ಮುನಿಯಲ್ಲಪ್ಪನ ಹತ್ತಿರ ಹೋಗಿ, ಇದರ ಅಳತೆಗೆ ಬಾಯಿರುವ ಒಂದು ದಪ್ಪ ಮಡಿಕೆ ಬೇಕು, ತಳದಲ್ಲಿ ತಂತಿ ತೂರಿಸಲು ಒಂದು ತೂತು ಇರಲಿ, ಹಸಿಯಿದ್ದಾಗಲೇ ಮಾಡಿಬಿಡಿ ಎಂದಳು.

ಮುನಿಯಲ್ಲಪ್ಪ ಕೈಯಲ್ಲಿದ್ದ ಜೇಡಿಮಣ್ಣನ್ನು ಕೆಳಗಿಟ್ಟ. "ತೂತಿನ ಮಡಿಕೆನಾ? ಅದು ಮಸಾಣಕ್ಕೆ ಹೋಗೋದು ಕಣಮ್ಮಾ. ಹೆಣದ ಸುತ್ತ ನೀರು ಸುರಿಸ್ಕೊಂಡು ಸುತ್ತೋಕೆ. ಬದುಕಿರೋರ ಮನೇಗೆ ನಾನು ಮಾಡ್ಕೊಡಲ್ಲ. ತೂತು ಬೇಕಂದ್ರೆ ನಿಮ್ಮನೇಲಿ ಯಾರಾದ್ರೂ ಸಾಯ್ಬೇಕು."

ಇದ್ದಬದ್ದ ಭಾನುವಾರಗಳೆಲ್ಲ ಹಾಳಾಗಿ ಅವಳಿಗೆ ರೇಗಿಹೋಗಿತ್ತು. "ಹಂಗಾದ್ರೆ ನಮ್ ಯಜಮಾನ್ರು ಹೋದ್ರು ಅಂದ್ಕೊಂಡು ಮಾಡ್ಕೊಡಿ ಮುನಿಯಲ್ಲಪ್ಪಣ್ಣ. ಆ ಮನುಷ್ಯ ಇದ್ರೂ ಅಷ್ಟೇ."

ಮುನಿಯಲ್ಲಪ್ಪ ನಗು ತಡೆಯಲಾರದೆ ಮಡಿಕೆ ಮಾಡಿಕೊಟ್ಟ. ಆದರೆ ಆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಬಸ್ಸು ಹತ್ತಿ, ಕೋಲಾರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಮುಳಬಾಗಿಲಿಗೆ ತಲುಪುವಾಗ ಚೆನ್ನಾಗಿ ಬೆಳೆದಿತ್ತು. ನಿಮ್ಮ ಸೊಸೆ ಬದುಕಿರುವ ಗಂಡನಿಗೆ ಮಸಾಣದ ಮಡಿಕೆ ಮಾಡಿಸಿದ್ದಾಳೆ. ವಾಲಗ ಊದಿಸಿ ಇನ್ನೊಂದು ಮದುವೆಗೆ ನಿಂತಿದ್ದಾಳೆ.

ಆ ಭಾನುವಾರ, ಮಡಿಕೆಯನ್ನು ಹುಲ್ಲಿನ ಸಿಂಬಿಯ ಮೇಲೆ ಒರಗಿಸಿ, ಸ್ಪೀಕರು ಕೂರಿಸಿ, ತೂತಿನಿಂದ ತಂತಿ ಎಳೆದು, ವೆಂಕಟರತ್ನಮ್ಮ ವಾಲ್ವು ಕೆಂಪಗಾಗಲು ಕಾಯುತ್ತಿದ್ದಳು. ಬೀಬಿಜಾನ್ ಸಾರಿದ್ದರಿಂದ ಅರ್ಧ ಬೀದಿ ತೀರ್ಪು ಕೇಳಲು ಬಾಗಿಲಲ್ಲಿ ನೆರೆದಿತ್ತು. ಜನರನ್ನು ಸೀಳಿಕೊಂಡು ಮುನಿಗಂಗಮ್ಮ ಬಂದಳು. ಹಿಂದೆ, ಬದುಕಿರುವುದಕ್ಕೆ ಸಾಕ್ಷಿಯಾಗಿ, ಕೋದಂಡರಾಮಪ್ಪ ಬಂದ.

"ನನ್ನ ಮಗ ಗುಂಡುಕಲ್ಲಿನ ಹಂಗೆ ನಿಂತವ್ನೆ, ಅವನಿಗೆ ಮಡಿಕೆ ಮಾಡ್ಸಿದೀಯೇನೇ? ಎಲ್ಲೇ ಆ ಎರಡನೇ ಗಂಡು?"

"ಅತ್ತಮ್ಮ, ಅದು ಹಾಡು..."

"ಹಾಡಂತೆ ಹಾಡು! ಮಡಿಕೆ ಎಲ್ಲಾದ್ರೂ ಹಾಡುತ್ತಾ?"

ವೆಂಕಟರತ್ನಮ್ಮ ವಾದಕ್ಕೆ ಹೋಗಲಿಲ್ಲ. ಮೊದಲನೇ ಪ್ಲೇಟಿನ ಮೇಲೆ ಮುಳ್ಳು ಇಳಿಸಿದಳು. ಮಡಿಕೆ ತುಂಬು ಗಂಟಲಿನಲ್ಲಿ ಮಾತಾಡಿತು. ಹಾರನ್ನಿನ ಕಿರಿಚಾಟವಿಲ್ಲ, ಸೊಳ್ಳೆಯ ಕೀಚು ದನಿಯಿಲ್ಲ. ಸೊಸೆ ಅಲ್ಲೇ ಪಕ್ಕದಲ್ಲಿ ಕೂತು ಎಲೆ ಅಗಿಯುತ್ತಾ ದೂರು ಹೇಳಿದಂತಿತ್ತು. ವೆಂಕಟರತ್ನಮ್ಮನಿಗೆ ಅಂಥ ಹೊತ್ತಿನಲ್ಲೂ ಖುಷಿಯಾಯಿತು.

ಮುನಿಗಂಗಮ್ಮ ಮಾತು ಮುಂದುವರಿಸಿದಳು. ಮಡಿಕೆಯೂ ಮುಂದುವರಿಸಿತು. ಮುನಿಗಂಗಮ್ಮ ದನಿ ಏರಿಸಿದಳು. ಮಡಿಕೆ ಅದನ್ನು ಗಮನಕ್ಕೇ ತೆಗೆದುಕೊಳ್ಳಲಿಲ್ಲ. ತಾನು ಬಾಯಿ ಹಾಕಿದರೂ ನಿಲ್ಲದ ಬಾಯೊಂದನ್ನು ಆಕೆ ಹುಟ್ಟಿದಾರಭ್ಯ ಕಂಡಿರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಒಟ್ಟಿಗೆ ಮಾತಾಡಿದರು. ಆಮೇಲೆ ಮಡಿಕೆಯೊಳಗಿನ ಸೊಸೆ ಅತ್ತೆಯ ಗೊರಕೆಯ ಬಗ್ಗೆ ಏನೋ ಅಂದಳು. ಅದೇನೆಂದು ಕೇಳಿಸಿಕೊಳ್ಳಲು ಮುನಿಗಂಗಮ್ಮ ಬಾಯಿ ಮುಚ್ಚಿದಳು. ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು. ಚಾಪೆಯ ಮೇಲೆ ಕೂತಳು. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಮ್ಮತ್ತೆನೂ ಹಿಂಗೇ ಇದ್ಳು ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ಪ್ಲೇಟು ಬದಲಾಯಿತು. ಎರಡನೆಯದು ಹರವಿಯ ಮೇಲೆ ಕೂತು ಕೂತು ಸೊಟ್ಟಗಾಗಿತ್ತು. ಮುಳ್ಳು ಏರಿ ಇಳಿದು ಏರಿ ಇಳಿದು ಸಾಗಿತು. ಐದು ಪೈಸೆ ಅದನ್ನು ಹಿಡಿದಿಟ್ಟಿತು. ಯಜಮಾನ ಬಹಳ ಹೊತ್ತು ಧರ್ಮ ಹೇಳಿದ. ಸೊಸೆ ಮನೆಗೆ ಹಿಂತಿರುಗಬೇಕು, ಅತ್ತೆಯ ಕಾಲಿಗೆ ಬೀಳಬೇಕು, ಮನೆಯ ಮಾತು ಕಟ್ಟೆಗೆ ತಂದದ್ದಕ್ಕೆ ತಪ್ಪು ಒಪ್ಪಿಕೊಳ್ಳಬೇಕು. ಅಷ್ಟು ಚುರುಕಾಗಿ ಮಾತಾಡಿದ್ದ ಆ ಹುಡುಗಿ ಎರಡನೇ ಪ್ಲೇಟಿನಲ್ಲಿ ಅಳುವುದು ಬಿಟ್ಟು ಇನ್ನೇನೂ ಮಾಡಲಿಲ್ಲ. ಎಲ್ಲರೂ ಮಂಗಳ ಹಾಡಿದರು.

ಬಾಗಿಲಲ್ಲಿದ್ದವರು ಚಪ್ಪಾಳೆ ಹೊಡೆದರು. ಕೋದಂಡರಾಮಪ್ಪ ಎದ್ದು ಪಂಚೆ ಕೊಡವಿ, "ತೀರ್ಪಾಯ್ತಲ್ಲ. ಗಂಟು ಕಟ್ಕೋ," ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ವೆಂಕಟರತ್ನಮ್ಮ ಅತ್ತೆಯ ಕಡೆ ನೋಡಿದಳು. ಮುನಿಗಂಗಮ್ಮ ಇನ್ನೂ ಮಡಿಕೆಯನ್ನೇ ನೋಡುತ್ತಾ, ಕೇಳುವ ಭಂಗಿಯಲ್ಲೇ ಸುಮ್ಮನೆ ಕೂತಿದ್ದಳು. ಮನೆಯಲ್ಲಿ ಯಾರದ್ದೂ ಮಾತಿರಲಿಲ್ಲ. ಇಷ್ಟು ಖಾಲಿ ಜಾಗ ಆಕೆಯ ಎದುರಿಗೆ ತನಗೆ ಎಂದೂ ಸಿಕ್ಕಿರಲಿಲ್ಲ ಎಂದು ವೆಂಕಟರತ್ನಮ್ಮನಿಗೆ ಹೊಳೆಯಿತು.

"ನಾನು ಬರಲ್ಲ ಅತ್ತಮ್ಮ," ಎಂದಳು. "ಆಣೆ ಇಟ್ಟಿದ್ದು ಸುಳ್ಳು. ಪ್ಲೇಟು ಒಡೆದೋಗಿದೆ ಅಂತ ಗೊತ್ತಿತ್ತು, ಅದಕ್ಕೇ ಇಟ್ಟೆ. ತೀರ್ಪು ಏನಾದ್ರೂ ಇರ್ಲಿ, ನಾನು ಬರಲ್ಲ. ನೀವು ನಂಗೆ ಹೊಡೀಲಿಲ್ಲ, ಅನ್ನ ಕಡಿಮೆ ಮಾಡ್ಲಿಲ್ಲ. ಆದ್ರೆ ನಿಮ್ಮನೇಲಿ ನನ್ನ ದನಿ ಹೆಂಗಿದೆ ಅಂತ ನಂಗೇ ಮರ್ತೋಗಿತ್ತು. ಇಲ್ಲಿ ಚೆನ್ನಾಗಿದೀನಿ. ದುಡೀತೀನಿ, ಉಣ್ತೀನಿ, ಭಾನುವಾರ ಪ್ಲೇಟ್ ಹಾಕ್ಕೊಂಡು ಕೂತ್ಕೋತೀನಿ. ಇಷ್ಟೇ ಸಾಕು ನಂಗೆ."

ಮುನಿಗಂಗಮ್ಮ ಮಡಿಕೆಯಿಂದ ಕಣ್ಣು ತೆಗೆದು ಸೊಸೆಯ ಕಡೆ ತಿರುಗಿದಳು. "ಮುಗೀತಾ? ಇನ್ನೂ ಇದೆಯಾ?" ಎಂದು ಕೇಳಿದಳು. ಹಂಗಿಸುವ ದನಿಯಲ್ಲಿ ಅಲ್ಲ.

"ಮುಗೀತು ಅತ್ತಮ್ಮ."

ಆಕೆ ನೆಲಕ್ಕೆ ಕೈಯೂರಿ ಎದ್ದಳು. ಸೀರೆ ಸರಿಮಾಡಿಕೊಂಡು, ಮಗನಿಗೆ ನಡಿ ಎಂದು ಸನ್ನೆ ಮಾಡಿ, ಹೊಸ್ತಿಲು ದಾಟಿದಳು. ಬಾಗಿಲಲ್ಲಿದ್ದ ಹೆಂಗಸೊಬ್ಬಳು ದಾರಿಗೆ ಅಡ್ಡ ನಿಂತು, "ಅಲ್ಲಮ್ಮಾ, ತೀರ್ಪು ನಿಮ್ ಕಡೆನೇ ಆಯ್ತಲ್ಲ? ಸೊಸೇನ ಕರ್ಕೊಂಡ್ ಹೋಗಲ್ವಾ?" ಎಂದು ಕೇಳಿದಳು.

"ಅವಳು ಬರಲ್ವಂತೆ," ಎಂದಳು ಮುನಿಗಂಗಮ್ಮ. "ಹೇಳಿದ್ಳು. ಕೇಳಿಸ್ಕೊಂಡೆ."